ರಾಮನಗರ ಜಿಲ್ಲೆಯ ಸೈಕಲ್ ಮಾರ್ಗಗಳು

ರಾಮನಗರ ಜಿಲ್ಲೆಯ ಸೈಕಲ್ ಮಾರ್ಗಗಳು ಎಂಬುದು ಕರ್ನಾಟಕದ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಮೂಲಕ ಹಾದುಹೋಗುವ, ದೂರ ಪ್ರಯಾಣದ ಸೈಕಲ್ ಸವಾರರು ಬಳಸುವ ರಸ್ತೆಗಳಿಗೆ ಒಟ್ಟಾಗಿ ಸಲ್ಲುವ ಹೆಸರು. ಬೆಂಗಳೂರಿನಿಂದ ಹೊರಡುವ ಮೈಸೂರು ರಸ್ತೆ, ಕನಕಪುರ ರಸ್ತೆ, ಮಾಗಡಿ ರಸ್ತೆ ಎಂಬ ಮೂರು ಹೆದ್ದಾರಿಗಳು ಹಾಗೂ ಮಾಗಡಿ, ರಾಮನಗರ, ಕನಕಪುರಗಳನ್ನು ಬೆಸೆಯುವ ಅಡ್ಡರಸ್ತೆಗಳು ಇವುಗಳಲ್ಲಿ ಮುಖ್ಯವಾದವು. ಇವುಗಳಲ್ಲಿ ಯಾವುದೂ ಸೈಕಲ್‌ಗೆಂದೇ ನಿರ್ಮಿಸಿದ ಮಾರ್ಗವಲ್ಲ. ಬೇರೆ ವಾಹನಗಳಿಗಾಗಿ ಆದ ರಸ್ತೆಗಳನ್ನೇ ಸವಾರರು ರೂಢಿಯಿಂದ ತಮ್ಮವಾಗಿಸಿಕೊಂಡಿದ್ದಾರೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ ಸೈಕಲ್ ಸಂಚಾರ ನಿಷಿದ್ಧವಾದ ಮೇಲೆ ಈ ಮಾರ್ಗಗಳ ಸ್ವರೂಪ ಬಹುಮಟ್ಟಿಗೆ ಬದಲಾಗಿದೆ.

ರಾಮನಗರ ಜಿಲ್ಲೆಯು 2007ರ ಆಗಸ್ಟ್‌ನಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ಅಸ್ತಿತ್ವಕ್ಕೆ ಬಂದಿತು. 2025ರಲ್ಲಿ ರಾಜ್ಯ ಸರ್ಕಾರವು ಇದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣ ಮಾಡಿತು. ಜನರ ಬಾಯಲ್ಲಿ ಇನ್ನೂ ಉಳಿದಿರುವ ಹಳೆಯ ಹೆಸರನ್ನೇ ಈ ಲೇಖನದಲ್ಲಿ ಬಳಸಲಾಗಿದೆ.

ಸೈಕಲ್ ಮಾರ್ಗ ಎಂಬ ಪರಿಕಲ್ಪನೆ

ಯುರೋಪಿನಲ್ಲಿ ದೂರದ ಸೈಕಲ್ ಮಾರ್ಗವೆಂದರೆ ಸಂಖ್ಯೆ, ನಕ್ಷೆ ಮತ್ತು ದಾರಿಫಲಕಗಳಿರುವ ಅಧಿಕೃತ ವ್ಯವಸ್ಥೆ. 2001ರಲ್ಲಿ ಆರಂಭಗೊಂಡ ಉತ್ತರ ಸಮುದ್ರ ಸೈಕಲ್ ಮಾರ್ಗವು ಬ್ರಿಟನ್, ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಜರ್ಮನಿ, ನೆದರ್ಲೆಂಡ್ಸ್ ಮೊದಲಾದ ದೇಶಗಳ ಕಡಲಂಚನ್ನು ಹಿಡಿದು ಸುಮಾರು 6000 ಕಿಲೋಮೀಟರ್ ಸಾಗುತ್ತದೆ. ಯುರೋವೆಲೊ ಎಂಬ ಖಂಡವ್ಯಾಪಿ ಸೈಕಲ್ ಮಾರ್ಗಗಳ ಜಾಲದಲ್ಲಿ ಇದು 12ನೆಯದು. ವಾಹನ ಸಂಚಾರ ವಿರಳವಾದ ಊರರಸ್ತೆ, ಪ್ರತ್ಯೇಕ ಸೈಕಲ್ ಪಥ, ನಡುನಡುವೆ ಕಡಲು ದಾಟಿಸುವ ಹಡಗು ಇವೆಲ್ಲ ಸೇರಿ ಆ ಮಾರ್ಗವಾಗಿದೆ. ಹೊಸ ರಸ್ತೆ ಹಾಕಿದ್ದಕ್ಕಿಂತ ಇದ್ದ ರಸ್ತೆಗಳನ್ನು ಆಯ್ದು ಜೋಡಿಸಿ ಫಲಕ ನೆಟ್ಟಿದ್ದೇ ಅಲ್ಲಿ ಹೆಚ್ಚು.

ರಾಮನಗರ ಸೀಮೆಯಲ್ಲಿ ಇಂತಹ ಆಯ್ಕೆ ಮತ್ತು ಜೋಡಣೆಯ ಕೆಲಸವನ್ನು ಸವಾರರೇ ಮಾಡಿಕೊಂಡಿದ್ದಾರೆ. ಯಾವ ತಿರುವಿನಲ್ಲಿ ಊರೊಳಗಿನ ಹಳೆಯ ರಸ್ತೆಗೆ ಇಳಿಯಬೇಕು, ಯಾವ ಕೆರೆ ಏರಿಯ ಮೇಲೆ ದಾರಿ ಚೆನ್ನಾಗಿದೆ, ಮುಂಜಾನೆ ಎಲ್ಲಿ ಹೋಟೆಲು ತೆರೆದಿರುತ್ತದೆ ಎಂಬ ತಿಳಿವಳಿಕೆ ಒಬ್ಬರಿಂದ ಒಬ್ಬರಿಗೆ ಹರಿದು ಬಂದದ್ದು. ರಸ್ತೆ ಬದಿಯಲ್ಲಿ ಅದಕ್ಕೆ ಗುರುತಿಲ್ಲ.

ಹಿನ್ನೆಲೆ

ಬೆಂಗಳೂರಿನಿಂದ ಶ್ರೀರಂಗಪಟ್ಟಣದ ಕಡೆಗೆ ಹೋಗುವ ದಾರಿಗಳು ಸೈಕಲ್ ಬರುವುದಕ್ಕೆ ಬಹಳ ಮುಂಚಿನವು. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ, 1791ರ ಮೇ ತಿಂಗಳಿನಲ್ಲಿ, ಕಾರ್ನ್‌ವಾಲಿಸನ ಸೇನೆಯು ಚನ್ನಪಟ್ಟಣದ ನೇರ ದಾರಿಯನ್ನು ಬಿಟ್ಟು ಕಾನಕಾನಹಳ್ಳಿಯ, ಎಂದರೆ ಇಂದಿನ ಕನಕಪುರದ, ದಾರಿಯಿಂದ ಶ್ರೀರಂಗಪಟ್ಟಣದತ್ತ ಸಾಗಿತು. ಹೀಗೆ ಈ ಎರಡು ದಾರಿಗಳ ನಡುವಣ ಆಯ್ಕೆ ಹಳೆಯದೇ. ರಾಮನಗರವು ಟಿಪ್ಪುವಿನ ಕಾಲದಲ್ಲಿ ಶಂಷೇರಾಬಾದ್ ಎಂದೂ, ಬಳಿಕ ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ಕ್ಲೋಸ್‌ಪೇಟೆ ಎಂದೂ ಕರೆಯಲ್ಪಟ್ಟಿತು.

ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಈ ಸೀಮೆಯಲ್ಲಿ ಸೈಕಲ್ ದುಡಿಮೆಯ ವಾಹನವಾಗಿತ್ತು. ರೇಷ್ಮೆ ಬೆಳೆಗಾರರು ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಕ್ಯಾರಿಯರ್‌ಗೆ ಬಿಗಿದು ಸಾಗಿಸುತ್ತಿದ್ದರು. ಹಾಲಿನವರ ಕ್ಯಾನುಗಳು ಹಿಂಬದಿಯ ಎರಡೂ ಕಡೆ ತೂಗುತ್ತಿದ್ದವು. ಪೇಟೆಗಳಲ್ಲಿ ಗಂಟೆಯ ಲೆಕ್ಕದಲ್ಲಿ ಸೈಕಲ್ ಕೊಡುವ ಬಾಡಿಗೆ ಅಂಗಡಿಗಳಿದ್ದವು. ಹಳ್ಳಿಯ ಹುಡುಗರು ಸೀಟಿಗೆ ಕಾಲು ನಿಲುಕದೆ ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದು ಕಲಿತದ್ದು ಅಲ್ಲಿನ ಸೈಕಲ್‌ಗಳಲ್ಲೇ. ದ್ವಿಚಕ್ರ ಮೋಟಾರು ವಾಹನಗಳು ಹೆಚ್ಚಿದಂತೆ ಬಾಡಿಗೆ ಅಂಗಡಿಗಳು ಪಂಕ್ಚರ್ ಅಂಗಡಿಗಳಾದವು. ಹವ್ಯಾಸಕ್ಕಾಗಿ, ಸಾಹಸಕ್ಕಾಗಿ ಗೇರ್ ಸೈಕಲ್ ತುಳಿಯುವ ಬೆಂಗಳೂರಿನ ಸವಾರರು ಈ ರಸ್ತೆಗಳಲ್ಲಿ ಗುಂಪುಗುಂಪಾಗಿ ಕಾಣಿಸಿಕೊಂಡದ್ದು ಈ ಶತಮಾನದ ಮೊದಲ ದಶಕದ ಕೊನೆಯಿಂದೀಚೆಗೆ.

ಭೂಲಕ್ಷಣ ಮತ್ತು ಹವೆ

ಈ ಪ್ರದೇಶ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಭೂವಿಜ್ಞಾನಿಗಳು ಕರೆಯುವ ಶಿಲಾಪಟ್ಟಿಯ ಮೇಲಿದೆ. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಈ ಪಟ್ಟಿಗೆ ರಾಮನಗರದ ಹಿಂದಿನ ಹೆಸರೇ ನಿಂತಿದೆ. ಸಾವನದುರ್ಗ, ರಾಮದೇವರ ಬೆಟ್ಟ, ಕಬ್ಬಾಳದುರ್ಗ ಮೊದಲಾದ ಬೋಳು ಬಂಡೆಯ ಬೆಟ್ಟಗಳು ಇದರವೇ.

ಸವಾರನಿಗೆ ಬೆಟ್ಟಗಳಿಗಿಂತ ರಸ್ತೆಯ ಇಳಿಜಾರು ಮುಖ್ಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ ರಾಮನಗರ ಸುಮಾರು 750 ಮೀಟರ್ ಎತ್ತರದಲ್ಲಿದೆ. ಕನಕಪುರ ಇನ್ನೂ ತಗ್ಗಿನಲ್ಲಿದೆ. ಮಾಗಡಿ ಬೆಂಗಳೂರಿಗೆ ಸರಿಸಮನಾದ ಎತ್ತರದಲ್ಲಿದೆ. ಆದ್ದರಿಂದ ಬೆಳಿಗ್ಗೆ ಬೆಂಗಳೂರು ಬಿಟ್ಟು ರಾಮನಗರಕ್ಕೆ ಸಲೀಸಾಗಿ ಬಂದವರು, ಬಿಸಿಲೇರಿದ ಮೇಲೆ ಹಿಂದಿರುಗುವಾಗ ಅದೇ ರಸ್ತೆಯ ಏರನ್ನು ಹತ್ತಬೇಕಾಗುತ್ತದೆ. ಹೊಸಬರು ದಣಿಯುವುದು ಸಾಮಾನ್ಯವಾಗಿ ಇಲ್ಲಿಯೇ.

ನವೆಂಬರ್‌ನಿಂದ ಫೆಬ್ರುವರಿವರೆಗಿನ ಚಳಿಗಾಲ ದೂರ ಪ್ರಯಾಣಕ್ಕೆ ಅನುಕೂಲವಾದ ಕಾಲ. ಸುಗ್ಗಿಯ ಕಾಲವೂ ಅದೇ ಆದ್ದರಿಂದ ಮಾಗಡಿ, ಕನಕಪುರ ಕಡೆಯ ಊರರಸ್ತೆಗಳಲ್ಲಿ ರೈತರು ರಾಗಿ, ಹುರುಳಿಯನ್ನು ಹರಡಿ, ಓಡಾಡುವ ವಾಹನಗಳ ಚಕ್ರದಡಿ ಒಕ್ಕಣೆ ಮಾಡಿಸಿಕೊಳ್ಳುವುದುಂಟು. ಹುರುಳಿಸೊಪ್ಪಿನ ಮೇಲೆ ಸೈಕಲ್ಲಿನ ಸಪೂರ ಟಯರು ಜಾರುತ್ತದೆ, ಒಣಗಿದ ಬಳ್ಳಿ ಸರಪಳಿಗೆ ಸುತ್ತಿಕೊಳ್ಳುತ್ತದೆ. ಕಣ ಮಾಡಲು ಜಾಗವಿಲ್ಲದ ರೈತನಿಗೂ ಬೇರೆ ದಾರಿಯಿಲ್ಲದ ಸವಾರನಿಗೂ ರಸ್ತೆ ಒಂದೇ ಆಗಿರುವುದರಿಂದ ಇಳಿದು ತಳ್ಳಿಕೊಂಡು ಹೋಗುವುದೇ ರೂಢಿಯಾಗಿದೆ.

ಮೈಸೂರು ರಸ್ತೆ

ನಾಲ್ಕು ತಾಲ್ಲೂಕುಗಳ ಮಾರ್ಗಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದುದೂ ಹೆಚ್ಚು ಬದಲಾವಣೆ ಕಂಡದ್ದೂ ಇದೇ. ಕೆಂಗೇರಿ, ಕುಂಬಳಗೋಡು, ಬಿಡದಿಗಳನ್ನು ಹಾದು ಸುಮಾರು 50 ಕಿಲೋಮೀಟರ್ ದೂರದಲ್ಲಿ ರಾಮನಗರ, ಅಲ್ಲಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿ ಚನ್ನಪಟ್ಟಣ ಸಿಗುತ್ತವೆ. ಮುಂದೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳ ಮೂಲಕ ಹಳೆಯ ದಾರಿಯಲ್ಲಿ ಮೈಸೂರು ತಲುಪಲು ಒಟ್ಟು 140 ಕಿಲೋಮೀಟರ್‌ಗೂ ಹೆಚ್ಚು ತುಳಿಯಬೇಕು. ಪಳಗಿದ ಸವಾರರಿಗೆ ಇದು ಒಂದು ದಿನದ ಹಾದಿ.

ದಾರಿಯುದ್ದಕ್ಕೂ ನೀರು, ಊಟ, ದುರಸ್ತಿಗೆ ಕೊರತೆಯಿಲ್ಲದ್ದು ಈ ಮಾರ್ಗದ ದೊಡ್ಡ ಗುಣ. ಬಿಡದಿಯ ತಟ್ಟೆ ಇಡ್ಲಿ ಸವಾರರ ಮೊದಲ ನಿಲುಗಡೆಗೆ ನೆಪವಾಗಿದ್ದರೆ, ರಾಮನಗರ ಮತ್ತು ಚನ್ನಪಟ್ಟಣಗಳ ನಡುವೆ ಎಚ್. ಎಲ್. ನಾಗೇಗೌಡರು ಕಟ್ಟಿ ಬೆಳೆಸಿದ ಜಾನಪದ ಲೋಕ ರಸ್ತೆ ಪಕ್ಕದಲ್ಲೇ ಇದೆ. ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಾಕಿ ಮಾಡುವ ಗೊಂಬೆಗಳ ಅಂಗಡಿಗಳು ಹಳೆಯ ರಸ್ತೆಯ ಎರಡೂ ಬದಿಗೆ ಸಾಲಾಗಿ ನಿಂತಿವೆ. ಚನ್ನಪಟ್ಟಣದಿಂದ ಕವಲೊಡೆದು ಕಣ್ವ ಜಲಾಶಯಕ್ಕೆ ಹೋಗುವ ಸಣ್ಣ ರಸ್ತೆ, ಹೆದ್ದಾರಿಯ ಗದ್ದಲ ಬೇಡವಾದವರು ಆರಿಸಿಕೊಳ್ಳುವ ದಾರಿ.

ಈ ರಸ್ತೆ ಮೊದಲು ಎರಡು ಬದಿ ಸಾಲುಮರಗಳ ನೆರಳಿದ್ದ ಕಿರಿದಾದ ರಾಜ್ಯ ಹೆದ್ದಾರಿಯಾಗಿತ್ತು. ಈ ಶತಮಾನದ ಆರಂಭದ ವರ್ಷಗಳಲ್ಲಿ ನಾಲ್ಕು ಪಥಗಳಾಗಿ ಅಗಲಗೊಂಡಾಗ ನೆರಳು ಹೋಯಿತಾದರೂ ಸೈಕಲ್ ಸವಾರರಿಗೆ ರಸ್ತೆಯಂಚಿನಲ್ಲಿ ಜಾಗ ಉಳಿದಿತ್ತು. ಬೆಂಗಳೂರು, ಮೈಸೂರು, ನೀಲಗಿರಿಗಳನ್ನು ಬೆಸೆಯುವ ಟೂರ್ ಆಫ್ ನೀಲಗಿರೀಸ್ ಎಂಬ ಸೈಕಲ್ ಯಾತ್ರೆ 2008ರ ಡಿಸೆಂಬರ್‌ನಲ್ಲಿ ಆರಂಭವಾದದ್ದು ಈ ಅವಧಿಯಲ್ಲಿ.

ರಾಷ್ಟ್ರೀಯ ಹೆದ್ದಾರಿ 275ರ ಭಾಗವಾಗಿ ನಿರ್ಮಿಸಲಾದ, ಸುಮಾರು 118 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಮಂಡ್ಯ ಜಿಲ್ಲೆಯಲ್ಲಿ ಉದ್ಘಾಟಿಸಿದರು. ನಡುವಿನ ಆರು ಪಥಗಳು ವೇಗದ ವಾಹನಗಳಿಗೆ, ಎರಡು ಬದಿಯ ತಲಾ ಎರಡು ಪಥಗಳ ಸರ್ವಿಸ್ ರಸ್ತೆ ಸ್ಥಳೀಯ ಸಂಚಾರಕ್ಕೆ ಎಂಬುದು ಅದರ ವಿನ್ಯಾಸ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳಿಗೆ ಬೈಪಾಸ್‌ಗಳಾದವು. ಹೆದ್ದಾರಿಯಲ್ಲಿ ಅಪಘಾತ, ಸಾವುಗಳು ಹೆಚ್ಚಿದ ಹಿನ್ನೆಲೆಯಲ್ಲಿ ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವು 2023ರ ಜುಲೈನಲ್ಲಿ ಅಧಿಸೂಚನೆ ಹೊರಡಿಸಿ, ಆಗಸ್ಟ್ 1ರಿಂದ ಬೈಕ್, ಸ್ಕೂಟರ್, ಆಟೊರಿಕ್ಷಾ, ಟ್ರ್ಯಾಕ್ಟರ್ ಮತ್ತು ಮೋಟಾರಿಲ್ಲದ ಎಲ್ಲ ವಾಹನಗಳನ್ನು ಮುಖ್ಯ ಪಥಗಳಿಂದ ಹೊರಗಿಟ್ಟಿತು. ವೇಗದ ವಾಹನಗಳ ನಡುವೆ ನಿಧಾನಗತಿಯ ವಾಹನಗಳಿದ್ದರೆ ಅವುಗಳಿಗೇ ಅಪಾಯವೆಂಬುದು ಇದಕ್ಕೆ ನೀಡಿದ ಕಾರಣ. ಹೆದ್ದಾರಿಯ ಬಳಕೆಯನ್ನು ಹೀಗೆ ನಿರ್ಬಂಧಿಸುವ ಅಧಿಕಾರವನ್ನು 2002ರ ರಾಷ್ಟ್ರೀಯ ಹೆದ್ದಾರಿಗಳ ನಿಯಂತ್ರಣ ಕಾಯ್ದೆ ನೀಡುತ್ತದೆ.

ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸಾಗುವ ಕಾರಿನ ಪಕ್ಕದಲ್ಲಿ 20 ಕಿಲೋಮೀಟರ್ ವೇಗದ ಸೈಕಲ್ ಇರಬಾರದೆಂಬ ವಾದದಲ್ಲಿ ಹುರುಳಿದೆ. ತೊಡಕು ಇರುವುದು ಬದಲಿ ವ್ಯವಸ್ಥೆಯಲ್ಲಿ. ಸರ್ವಿಸ್ ರಸ್ತೆ ಎಲ್ಲ ಕಡೆಯೂ ಒಂದೇ ಎಳೆಯಾಗಿ ಹರಿಯುವುದಿಲ್ಲ. ಸೇತುವೆ ಅಥವಾ ರೈಲು ಹಳಿ ಅಡ್ಡ ಬಂದಲ್ಲಿ ಅದು ತುಂಡಾದರೆ ಸವಾರನು ಕೆಳಸೇತುವೆ ಹಾದು ಇನ್ನೊಂದು ಬದಿಗೆ ಹೋಗಬೇಕು, ಇಲ್ಲವೆ ಊರೊಳಗೆ ಸುತ್ತಿ ಬರಬೇಕು. ಬಸ್ಸು, ಆಟೊ, ಟ್ರ್ಯಾಕ್ಟರ್, ಎದುರು ದಿಕ್ಕಿನಿಂದ ಬರುವ ಬೈಕು ಎಲ್ಲವೂ ಅದೇ ಎರಡು ಪಥಗಳನ್ನು ಹಂಚಿಕೊಳ್ಳುತ್ತವೆ. ಮಳೆಗಾಲದಲ್ಲಿ ಕೆಳಸೇತುವೆಗಳು ಮತ್ತು ತಗ್ಗು ಭಾಗಗಳಲ್ಲಿ ನೀರು ನಿಲ್ಲುತ್ತದೆ. 2022ರ ಆಗಸ್ಟ್ ಕೊನೆಯ ಭಾರಿ ಮಳೆಯಲ್ಲಿ ರಾಮನಗರದ ಬಳಿ ಹೆದ್ದಾರಿಯೇ ಜಲಾವೃತವಾಗಿ ಸಂಚಾರ ನಿಂತಿತ್ತು. ಉದ್ಘಾಟನೆಯಾದ ವಾರದೊಳಗೇ, 2023ರ ಮಾರ್ಚ್‌ನಲ್ಲಿ, ಮತ್ತೆ ಅಲ್ಲಿ ನೀರು ನಿಂತಿತು.

ಇನ್ನೊಂದು ಪರಿಣಾಮ ಸವಾರರಿಗೆ ಒಳ್ಳೆಯದೇ ಆಯಿತೆನ್ನಬೇಕು. ದೂರ ಹೋಗುವ ಕಾರುಗಳು ಬೈಪಾಸ್ ಹಿಡಿದುದರಿಂದ ರಾಮನಗರ, ಚನ್ನಪಟ್ಟಣ ಪೇಟೆಗಳೊಳಗಿನ ಹಳೆಯ ರಸ್ತೆಯಲ್ಲಿ ಒತ್ತಡ ತಗ್ಗಿತು. ಆ ಕಾರುಗಳನ್ನೇ ನಂಬಿದ್ದ ಹೋಟೆಲು, ಗೊಂಬೆ ಅಂಗಡಿಗಳ ವ್ಯಾಪಾರ ಇಳಿಯಿತೆಂಬ ದೂರು ವ್ಯಾಪಾರಿಗಳದು. ಸೈಕಲ್ ಸವಾರರು ಮಾತ್ರ ಈಗಲೂ ಆ ಪೇಟೆಗಳ ಮೂಲಕವೇ ಹೋಗುತ್ತಾರೆ.

ಕನಕಪುರ ರಸ್ತೆ

ಕಗ್ಗಲಿಪುರ, ಹಾರೋಹಳ್ಳಿಗಳ ಮೂಲಕ ಸುಮಾರು 55 ಕಿಲೋಮೀಟರ್ ದೂರದ ಕನಕಪುರಕ್ಕೆ, ಅಲ್ಲಿಂದ ಸಾತನೂರು, ಹಲಗೂರು, ಮಳವಳ್ಳಿಗಳ ಕಡೆಗೆ ಹೋಗುವ ಈ ರಸ್ತೆ ರಾಷ್ಟ್ರೀಯ ಹೆದ್ದಾರಿ 948ರ ಭಾಗ. ಮುಂದೆ ಕೊಳ್ಳೇಗಾಲ, ಚಾಮರಾಜನಗರಗಳನ್ನು ಹಾದು ಅದು ಕೊಯಮತ್ತೂರಿಗೆ ಹೋಗುತ್ತದೆ. ಗ್ರಾನೈಟ್ ಕಲ್ಲು ಹೊತ್ತ ಲಾರಿಗಳು ಇಲ್ಲಿನ ಸವಾರರು ಸದಾ ಗಮನದಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿ.

ಸವಾರರು ಹೆಚ್ಚು ಇಷ್ಟಪಡುವುದು ಕನಕಪುರದಿಂದ ಕವಲೊಡೆದು ಸಂಗಮಕ್ಕೆ ಹೋಗುವ ದಾರಿಯನ್ನು. ಅರ್ಕಾವತಿ ನದಿಯು ಕಾವೇರಿಯನ್ನು ಸೇರುವ ಈ ಸ್ಥಳ ಬೆಂಗಳೂರಿನಿಂದ 90 ಕಿಲೋಮೀಟರ್‌ಗೂ ಹೆಚ್ಚು ದೂರದಲ್ಲಿದೆ. ಕೊನೆಯ ಭಾಗದಲ್ಲಿ ರಸ್ತೆಯು ಕಾಡಿನ ನಡುವೆ ಕಡಿದಾಗಿ ಇಳಿಯುತ್ತದೆ. ಸಂಗಮದಿಂದ ಆಚೆ, ಕಾವೇರಿಯು ಕಿರಿದಾದ ಕಲ್ಲಿನ ಕೊರಕಲಿನಲ್ಲಿ ಹರಿಯುವ ಮೇಕೆದಾಟಿಗೆ ಹೋಗಬೇಕಾದರೆ ಹೊಳೆ ದಾಟಬೇಕು. ಇಳಿದ ದಾರಿಯನ್ನೇ ಹತ್ತಿ ಬರುವುದು ಈ ಸೀಮೆಯ ಸೈಕಲ್ ಪ್ರಯಾಣಗಳಲ್ಲಿ ಕಷ್ಟದ ಭಾಗವೆಂದು ಹೆಸರಾಗಿದೆ. ನೀರು ಸಾಕಷ್ಟು ತುಂಬಿಕೊಂಡೇ ಹೊರಡಬೇಕು.

ಕನಕಪುರ ತಾಲ್ಲೂಕಿನ ಒಂದು ಬದಿಗೆ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ, ಇನ್ನೊಂದು ಬದಿಗೆ ಕಾವೇರಿ ವನ್ಯಜೀವಿ ಧಾಮ ಇರುವುದರಿಂದ ಇಲ್ಲಿ ಆನೆಗಳ ಓಡಾಟವಿದೆ. ಬೆಳೆ ಮೇಯಲು ಬಂದ ಆನೆಗಳಿಂದ ರೈತರು ಪ್ರಾಣ ಕಳೆದುಕೊಂಡ ಪ್ರಕರಣಗಳು ಕನಕಪುರ, ಚನ್ನಪಟ್ಟಣ ಎರಡೂ ತಾಲ್ಲೂಕುಗಳಲ್ಲಿ ಆಗಿವೆ. ಸದ್ದಿಲ್ಲದೆ ಚಲಿಸುವ ಸೈಕಲ್ ತಿರುವಿನಲ್ಲಿ ಆನೆಗೆ ಅನಿರೀಕ್ಷಿತವಾಗಿ ಎದುರಾಗುವ ಸಂಭವ ಹೆಚ್ಚು. ಆದ್ದರಿಂದ ಕಾಡಂಚಿನ ರಸ್ತೆಗಳಲ್ಲಿ ಮುಸ್ಸಂಜೆಯಿಂದ ಬೆಳಗಾಗುವವರೆಗೆ ಸೈಕಲ್ ತುಳಿಯುವುದು ಸಲ್ಲದು.

ಮಾಗಡಿ ರಸ್ತೆ ಮತ್ತು ಅಡ್ಡರಸ್ತೆಗಳು

ತಾವರೆಕೆರೆಯ ಮೂಲಕ ಮಾಗಡಿಗೆ ಹೋಗುವ ರಸ್ತೆ ಸುಮಾರು 50 ಕಿಲೋಮೀಟರ್ ಉದ್ದವಿದೆ. ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ವಂಶದ ರಾಜಧಾನಿಯಾಗಿದ್ದ ಮಾಗಡಿಯ ಬಳಿ 1226 ಮೀಟರ್ ಎತ್ತರದ ಸಾವನದುರ್ಗವಿದೆ. ದೊಡ್ಡ ಆಲದ ಮರ, ಮಂಚನಬೆಲೆ ಜಲಾಶಯ, ಸಾವನದುರ್ಗಗಳನ್ನು ಜೋಡಿಸುವ ಒಳದಾರಿಯು ಭಾನುವಾರಗಳಂದು ಬೆಂಗಳೂರಿನ ಸವಾರರಿಂದ ತುಂಬಿರುತ್ತದೆ. ಕಿರಿದಾದ ರಸ್ತೆ, ಒಂದರ ಹಿಂದೊಂದು ಬರುವ ಸಣ್ಣ ಏರಿಳಿತ, ಬಂಡೆಯ ನೋಟ ಇದರ ಆಕರ್ಷಣೆ.

ಮಾಗಡಿ ತಾಲ್ಲೂಕಿನ ಹುಲಿಕಲ್ ಮತ್ತು ಕುದೂರುಗಳ ನಡುವಿನ ರಸ್ತೆ ಸಾಲುಮರದ ತಿಮ್ಮಕ್ಕನವರು ಪತಿಯೊಡನೆ ನೆಟ್ಟು ನೀರೆರೆದು ಬೆಳೆಸಿದ ಆಲದ ಮರಗಳಿಂದ ಪ್ರಸಿದ್ಧ. ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಈ ನೆರಳಿನ ಬೆಲೆ ನಡು ಮಧ್ಯಾಹ್ನ ಅಲ್ಲಿ ಸೈಕಲ್ ತುಳಿದವರಿಗೆ ಗೊತ್ತು. ರಸ್ತೆ ಅಗಲೀಕರಣಕ್ಕಾಗಿ ಈ ಮರಗಳಿಗೆ ಕುತ್ತು ಬಂದಾಗ, 2019ರಲ್ಲಿ, ತಿಮ್ಮಕ್ಕನವರು ಸರ್ಕಾರಕ್ಕೆ ಮೊರೆಯಿಟ್ಟರು. ಪದ್ಮಶ್ರೀ ಪ್ರಶಸ್ತಿ ಅವರಿಗೆ ಸಂದದ್ದೂ ಅದೇ ವರ್ಷ.

ಮಾಗಡಿಯಿಂದ ರಾಮನಗರಕ್ಕೂ ರಾಮನಗರದಿಂದ ಕನಕಪುರಕ್ಕೂ ಇರುವ ಅಡ್ಡರಸ್ತೆಗಳಿಂದಾಗಿ ಹೆದ್ದಾರಿಗಳನ್ನು ಬಹುಮಟ್ಟಿಗೆ ತಪ್ಪಿಸುವ ಒಂದು ಸುತ್ತು ಸಾಧ್ಯವಾಗಿದೆ. ಬೆಂಗಳೂರು, ಮಾಗಡಿ, ರಾಮನಗರ, ಕನಕಪುರ, ಬೆಂಗಳೂರು ಎಂಬ ಈ ಸುತ್ತಿನ ಉದ್ದ 160ರಿಂದ 170 ಕಿಲೋಮೀಟರ್. ದಶಪಥ ಹೆದ್ದಾರಿಯನ್ನು ಇದು ರಾಮನಗರದ ಬಳಿ ಒಂದೇ ಕಡೆ ಅಡ್ಡಹಾಯುತ್ತದೆ. ಅಧಿಕೃತ ಸೈಕಲ್ ಮಾರ್ಗವೊಂದನ್ನು ಗುರುತಿಸುವುದಾದರೆ ಎಲ್ಲಕ್ಕಿಂತ ಮೊದಲು ಪರಿಗಣಿಸಬಹುದಾದದ್ದು ಈ ಸುತ್ತು.

ಬ್ರೆವೆ ಪ್ರಯಾಣಗಳು

ನಿಗದಿತ ದೂರವನ್ನು ನಿಗದಿತ ಸಮಯದೊಳಗೆ, ಹೊರಗಿನವರ ನೆರವಿಲ್ಲದೆ ಪೂರೈಸುವ ಸೈಕಲ್ ಪ್ರಯಾಣಕ್ಕೆ ಫ್ರೆಂಚ್ ಭಾಷೆಯಿಂದ ಬಂದ ಬ್ರೆವೆ ಎಂಬ ಹೆಸರಿದೆ. ಇದು ಪಂದ್ಯವಲ್ಲ; ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಮಾನ್ಯತೆ. 1904ರಲ್ಲಿ ಹುಟ್ಟಿದ ಫ್ರಾನ್ಸಿನ ಆಡಾಕ್ಸ್ ಕ್ಲಬ್ ಪ್ಯಾರಿಸಿಯೆನ್ ಸಂಸ್ಥೆ ಇದರ ನಿಯಮಗಳನ್ನು ನೋಡಿಕೊಳ್ಳುತ್ತದೆ. 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ ಎಂಬುದು ಗಡುವು. ಒಂದೇ ವರ್ಷದಲ್ಲಿ ಈ ನಾಲ್ಕನ್ನೂ ಪೂರೈಸಿದವರನ್ನು ಸೂಪರ್ ರಾಂಡೊನರ್ ಎಂದು ಕರೆಯುತ್ತಾರೆ. ನಾಲ್ಕು ವರ್ಷಗಳಿಗೊಮ್ಮೆ ನಡೆಯುವ, 90 ಗಂಟೆಗಳ ಗಡುವಿನ, ಸುಮಾರು 1200 ಕಿಲೋಮೀಟರಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಪ್ರಯಾಣಕ್ಕೆ ಈ ಸಾಧನೆಯೇ ಅರ್ಹತೆ.

ಬೆಂಗಳೂರಿನ ಸವಾರರಿಗೆ ಮೈಸೂರು, ಕನಕಪುರ ಕಡೆಯ ರಸ್ತೆಗಳು ಇಂತಹ ಪ್ರಯಾಣದ ಅಭ್ಯಾಸಭೂಮಿ. 300 ಕಿಲೋಮೀಟರ್ ಮೀರಿದ ಬ್ರೆವೆಗಳಲ್ಲಿ ರಾತ್ರಿ ಸವಾರಿ ಅನಿವಾರ್ಯವಾಗುವುದರಿಂದ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಬೆಳಕಿಗೆ ಹೊಳೆಯುವ ಅಂಗಿ, ಹೆಲ್ಮೆಟ್ ಕಡ್ಡಾಯ.

ಶಾಲಾ ಮಕ್ಕಳ ಸೈಕಲ್

ಈ ರಸ್ತೆಗಳಲ್ಲಿ ವಾರಕ್ಕೊಮ್ಮೆ ಕಾಣುವ ಹವ್ಯಾಸಿಗಳಿಗಿಂತ ನಿತ್ಯ ಕಾಣುವ ವಿದ್ಯಾರ್ಥಿಗಳ ಸೈಕಲ್ ಪ್ರಯಾಣ ಚಿಕ್ಕದು. ಆದರೆ ಸಾರ್ವಜನಿಕ ದೃಷ್ಟಿಯಿಂದ ಅದೇ ದೊಡ್ಡದು. ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಕರ್ನಾಟಕ ಸರ್ಕಾರ 2006–07ರಲ್ಲಿ ಆರಂಭಿಸಿತು. ಆಗ ಮುಖ್ಯಮಂತ್ರಿಯಾಗಿದ್ದ ಎಚ್. ಡಿ. ಕುಮಾರಸ್ವಾಮಿ ರಾಮನಗರ ಕ್ಷೇತ್ರದ ಶಾಸಕರೇ ಆಗಿದ್ದರು. ಏಳನೆಯ ತರಗತಿಯವರೆಗೆ ಊರಿನಲ್ಲೇ ಓದಿ, ಪ್ರೌಢಶಾಲೆ ದೂರವೆಂಬ ಕಾರಣಕ್ಕೆ ಮನೆಯಲ್ಲೇ ಉಳಿಯುತ್ತಿದ್ದ ಹೆಣ್ಣುಮಕ್ಕಳಿಗೆ ಈ ಸೈಕಲ್ ಹೆಚ್ಚು ನೆರವಾಯಿತು. ಬಸ್ಸು ದಿನಕ್ಕೆರಡು ಬಾರಿ ಮಾತ್ರ ಬರುವ ಹಳ್ಳಿಗಳಲ್ಲಿ ಮೂರು ನಾಲ್ಕು ಹುಡುಗಿಯರು ಒಟ್ಟಾಗಿ ಸೈಕಲ್ ತುಳಿದು ಶಾಲೆಗೆ ಬರುವುದು ಸಹಜ ದೃಶ್ಯವಾಯಿತು. ಕೋವಿಡ್ ಕಾಲದಲ್ಲಿ ಸೈಕಲ್ ವಿತರಣೆ ನಿಂತುಹೋಯಿತು.

ಹೆದ್ದಾರಿ ಅಗಲವಾದಂತೆ ಈ ಮಕ್ಕಳ ದಾರಿ ಉದ್ದವಾಗಿದೆ. ಹಿಂದೆ ರಸ್ತೆ ದಾಟಿದರೆ ಸಿಗುತ್ತಿದ್ದ ಶಾಲೆಗೆ ಈಗ ಬೇಲಿಯುದ್ದಕ್ಕೂ ಕೆಳಸೇತುವೆಯವರೆಗೆ ಹೋಗಿ, ಅತ್ತ ಬದಿಯಿಂದ ಮರಳಿ ಬರಬೇಕಾದ ಊರುಗಳಿವೆ. ಸುತ್ತು ತಪ್ಪಿಸಲು ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿಗೆ ಸೈಕಲ್ ತುಳಿಯುವ ಅಭ್ಯಾಸವೂ ಹೀಗೆ ಬೆಳೆದದ್ದು. ಅದು ನಿಯಮಬಾಹಿರ ಮತ್ತು ಅಪಾಯಕರ. ಆದರೆ ಪಾದಚಾರಿ ಮೇಲ್ಸೇತುವೆಯ ಮೆಟ್ಟಿಲುಗಳ ಮೇಲೆ ಹದಿಮೂರು ವರ್ಷದ ಮಗು ಸೈಕಲ್ ಹೊತ್ತು ಹತ್ತುವುದೂ ಆಗದ ಮಾತು.

ಕರಾವಳಿಯತ್ತ

ರಾಷ್ಟ್ರೀಯ ಹೆದ್ದಾರಿ 275 ಮೈಸೂರಿಗೆ ಮುಗಿಯುವುದಿಲ್ಲ. ಹುಣಸೂರು, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರುಗಳ ಮೂಲಕ ಅದು ಮಂಗಳೂರಿನ ಸಮೀಪದ ಬಂಟ್ವಾಳದವರೆಗೆ ಹೋಗುತ್ತದೆ. ಮಡಿಕೇರಿ ದಾಟಿದ ಮೇಲೆ ಘಟ್ಟದ ಉದ್ದನೆಯ ಇಳಿಜಾರು, ಕೆಳಗೆ ಮಂಗಳೂರಿನಲ್ಲಿ ಕರ್ನಾಟಕದ ಕಡಲಂಚನ್ನು ಹಿಡಿದು ಕಾರವಾರದ ಕಡೆಗೂ ಕೇರಳದ ಕಡೆಗೂ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಸಿಗುತ್ತವೆ. ರಾಮನಗರದಿಂದ ಹೊರಟ ಸವಾರರು ಮೊದಲ ರಾತ್ರಿಯನ್ನು ಮೈಸೂರಿನಲ್ಲಿ, ಎರಡನೆಯದನ್ನು ಮಡಿಕೇರಿಯಲ್ಲಿ ಕಳೆದು, ಮೂರನೆಯ ದಿನ ಕಡಲು ಮುಟ್ಟಬಹುದು. 2017ರ ಜೂನ್‌ನಿಂದ ಟ್ರಿಣ್ ಟ್ರಿಣ್ ಎಂಬ ಸಾರ್ವಜನಿಕ ಸೈಕಲ್ ಬಾಡಿಗೆ ವ್ಯವಸ್ಥೆ ಇರುವ ಮೈಸೂರು ನಗರ, ಈ ದಾರಿಯಲ್ಲಿ ಸೈಕಲ್‌ಗೆಂದು ಸರ್ಕಾರವೇ ಏರ್ಪಾಡು ಮಾಡಿದ ಮೊದಲ ಊರು.